ಉದ್ಯೋಗ ಖಾತರಿ: ಮಸೂದೆಯನ್ನು ಜರಡಿ ಹಿಡಿದವರು ಯಾರು?

ಕಣದಲ್ಲಿ ಒಕ್ಕಿದ ರಾಗಿಯನ್ನು ತೂರದೆ ಕಣಜಕ್ಕೆ ಸುರಿಯುವ ರೈತ ಯಾರೂ ಇಲ್ಲ. ಹೊಟ್ಟು, ಕಲ್ಲು, ಮಣ್ಣು ಕಾಳಿನೊಡನೆ ಮನೆ ಸೇರಿದರೆ ವರ್ಷವಿಡೀ ಉಣ್ಣುವವನೇ ಅನುಭವಿಸಬೇಕು. ಸಂಸತ್ತಿನಲ್ಲಿ ಆಗುವ ಕಾಯ್ದೆಗಳಿಗೂ ಇದೇ ಮಾತು ಸಲ್ಲುತ್ತದೆ. ಮಸೂದೆಯನ್ನು ತೂರಿ ನೋಡುವ ಕೆಲಸ ಸರಿಯಾಗಿ ನಡೆಯಿತೇ ಇಲ್ಲವೇ ಎಂಬುದು ದೆಹಲಿಯವರ ಚರ್ಚೆ ಮಾತ್ರವಲ್ಲ. ನಮ್ಮ ಊರಿನ ಕೂಲಿಗೂ ಕುಯ್ಲಿಗೂ ನೇರವಾಗಿ ಸಂಬಂಧಿಸಿದ ವಿಷಯ. ಉದ್ಯೋಗ ಖಾತರಿಯ ಎರಡು ಕಾಯ್ದೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು 2005ರದು, ಇನ್ನೊಂದು 2025ರದು.

ಹಳೆಯ ಕಾಯ್ದೆ ಬಂದ ಬಗೆ

ಕೇಳಿದವರಿಗೆ ಕೆಲಸ ಕೊಡುವ ಹೊಣೆ ಸರ್ಕಾರದ್ದು ಎಂಬ ವಿಚಾರ ಮೊದಲು ಬೇರೂರಿದ್ದು ನೆರೆಯ ಮಹಾರಾಷ್ಟ್ರದಲ್ಲಿ. 1972ರ ಬರಗಾಲದ ಅನುಭವದ ಮೇಲೆ ಆ ರಾಜ್ಯ 1977ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಮಾಡಿತು. ದೇಶಕ್ಕೆಲ್ಲ ಅನ್ವಯಿಸುವ ಮಸೂದೆ ಲೋಕಸಭೆಯ ಮುಂದೆ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಅದನ್ನು ಕೂಡಲೇ ಮತಕ್ಕೆ ಹಾಕಲಿಲ್ಲ. ಗ್ರಾಮೀಣಾಭಿವೃದ್ಧಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗೆ ಒಪ್ಪಿಸಲಾಯಿತು. ಸಮಿತಿಯ ಅಧ್ಯಕ್ಷರಾಗಿದ್ದವರು ವಿರೋಧ ಪಕ್ಷದ ಹಿರಿಯರಾದ ಕಲ್ಯಾಣ್ ಸಿಂಗ್.

ಮಂಡನೆಯಾದ ಮಸೂದೆಯಲ್ಲಿ ಒಂದು ದೊಡ್ಡ ಕುಂದು ಇತ್ತು. ಕೆಲಸದ ಖಾತರಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಮಾತ್ರ ಎಂದು ಅದು ಹೇಳುತ್ತಿತ್ತು. ಆ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬುದು ಪ್ರತಿ ಊರಿನವರಿಗೂ ತಿಳಿದ ಸಂಗತಿ. ಎರಡು ಎಕರೆ ಖುಷ್ಕಿ ಜಮೀನು ಇದ್ದು, ಬಾವಿ ಬತ್ತಿ ಮನೆಯಲ್ಲಿ ಕುಳಿತ ರೈತ ಪಟ್ಟಿಯಲ್ಲಿಲ್ಲದಿದ್ದರೆ ಅವನಿಗೆ ಕೆಲಸವಿಲ್ಲ. ಸಮಿತಿ ಅನೇಕರ ಅಹವಾಲು ಕೇಳಿ, 2005ರ ಜುಲೈನಲ್ಲಿ ವರದಿ ಕೊಟ್ಟಿತು. ಕೇಳುವ ಗ್ರಾಮೀಣ ಕುಟುಂಬಗಳಿಗೆಲ್ಲ ಖಾತರಿ ಇರಬೇಕೆಂಬುದು ಅದರ ಶಿಫಾರಸುಗಳಲ್ಲಿ ಮುಖ್ಯವಾದದ್ದು. ಆಗಸ್ಟ್ ತಿಂಗಳಲ್ಲಿ ಮಸೂದೆ ತಿದ್ದುಪಡಿಯಾಗಿ ಉಭಯ ಸದನಗಳಲ್ಲಿ ಅಂಗೀಕಾರವಾದಾಗ ಬಡತನದ ರೇಖೆಯ ಷರತ್ತು ಇರಲಿಲ್ಲ. ಮೈ ಬಗ್ಗಿಸಿ ದುಡಿಯಲು ಸಿದ್ಧವಿರುವ ಯಾರೇ ಆಗಲಿ ಅರ್ಜಿ ಕೊಡಬಹುದಾಯಿತು.

2006ರ ಫೆಬ್ರುವರಿ 2ರಂದು ಕಾಯ್ದೆ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ ಮೊದಲ ಹಂತದಲ್ಲಿದ್ದವು. 2008ರ ಏಪ್ರಿಲ್‌ನಿಂದ ಗ್ರಾಮೀಣ ಜಿಲ್ಲೆಗಳಿಗೆಲ್ಲ ವಿಸ್ತರಣೆಯಾಯಿತು. ಬದು, ಕೃಷಿಹೊಂಡ, ಕೆರೆ ಹೂಳು ಎಂದು ಅದರ ಗುರುತು ಇಂದು ಪ್ರತಿ ಹೋಬಳಿಯಲ್ಲೂ ಇದೆ. ಏಳು ತಿಂಗಳ ಪರಿಶೀಲನೆಯಿಂದ ಕಾಯ್ದೆ ತಡವಾಯಿತೆಂದು ಆಗ ಹೇಳಿದವರಿದ್ದರು. ಆದರೆ ಆ ತಡದ ಫಲವಾಗಿ ಒಳಗೆ ಬಂದ ಕುಟುಂಬಗಳನ್ನು ನೆನೆದರೆ ಅದು ವ್ಯರ್ಥವಾಯಿತೆನ್ನಲಾಗದು.

ಮೂರು ದಿನಗಳ ಕಾಯ್ದೆ

ಇಪ್ಪತ್ತು ವರ್ಷಗಳ ನಂತರ, 2025ರ ಡಿಸೆಂಬರ್ 16ರಂದು, ಹಳೆಯದರ ಬದಲಿಗೆ ಹೊಸ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು. ವಿಕಸಿತ ಭಾರತ – ಜಿ ರಾಮ್ ಜಿ ಎಂಬ ಹೆಸರಿನಿಂದ ಅದು ಪ್ರಚಾರದಲ್ಲಿದೆ. ಸ್ಥಾಯೀ ಸಮಿತಿಗೆ ಕಳುಹಿಸಬೇಕೆಂಬ ವಿರೋಧ ಪಕ್ಷಗಳ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. 18ರಂದು ಗದ್ದಲದ ನಡುವೆ ಧ್ವನಿಮತದಿಂದ ಲೋಕಸಭೆ ಒಪ್ಪಿತು. ಅದೇ ರಾತ್ರಿ ಹನ್ನೆರಡು ದಾಟಿದ ಮೇಲೆ ರಾಜ್ಯಸಭೆಯೂ ಒಪ್ಪಿತು. 21ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು.

ಕಾಯ್ದೆಯಲ್ಲಿ ಒಳ್ಳೆಯದಿಲ್ಲವೆಂದು ಹೇಳುವುದು ನ್ಯಾಯವಲ್ಲ. ವರ್ಷಕ್ಕೆ 100 ದಿನಗಳ ಬದಲು 125 ದಿನಗಳ ಕೆಲಸ ಎಂದಿದೆ. ಬಿತ್ತನೆ ಮತ್ತು ಕುಯ್ಲಿನ ಕಾಲದಲ್ಲಿ ಒಟ್ಟು 60 ದಿನ ಈ ಕಾಮಗಾರಿಗಳನ್ನು ನಿಲ್ಲಿಸಬೇಕೆಂಬ ವಿಧಿಯೂ ಇದೆ. ನಾಟಿಗೆ ಆಳು ಸಿಗದೆ ಮಡಿಯಲ್ಲಿ ಸಸಿ ಬಲಿತುಹೋದದ್ದನ್ನು ಕಂಡ ರೈತನಿಗೆ ಇದು ಬಹುದಿನಗಳ ಬೇಡಿಕೆ.

ಆದರೆ ಇದೇ ವಿಧಿಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಕೊಡಗಿನಲ್ಲಿ ಕಾಫಿ ಕುಯ್ಯುವ ಕಾಲ ಬೇರೆ, ಗಂಗಾವತಿಯಲ್ಲಿ ಭತ್ತ ನಾಟಿಯ ಕಾಲ ಬೇರೆ. ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆ ದಿನಗಳನ್ನು ಗೊತ್ತುಮಾಡಲು ರಾಜ್ಯಗಳಿಗೆ ಅವಕಾಶವಿದೆ, ನಿಜ. ಆದರೆ ಒಂದೇ ಪಂಚಾಯಿತಿಯಲ್ಲಿ ನಾಲೆ ಕೆಳಗಿನ ಗದ್ದೆಯೂ ಮೇಲಿನ ಖುಷ್ಕಿಯೂ ಇದ್ದರೆ ಯಾರ ಸುಗ್ಗಿಯನ್ನು ಲೆಕ್ಕಕ್ಕೆ ಹಿಡಿಯಬೇಕು? ಮಳೆ ಕೈಕೊಟ್ಟು ಬಿತ್ತನೆಯೇ ಆಗದ ವರ್ಷ ಆ 60 ದಿನ ಕೂಲಿಕಾರ ಏನು ಮಾಡಬೇಕು? ಉದ್ಯೋಗ ಚೀಟಿ ಹಿಡಿದವರಲ್ಲಿ ಸಣ್ಣ ಹಿಡುವಳಿದಾರರೇ ಎಷ್ಟೋ ಮಂದಿ. ಅವನೇ ರೈತ, ಅವನೇ ಕೂಲಿ. ಅವನ ಒಂದು ಕೈಗೆ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ ಆಗಬಾರದು.

ಹಣದ ಪ್ರಶ್ನೆ ಇದಕ್ಕಿಂತ ದೊಡ್ಡದು. ಹಳೆಯ ಕಾಯ್ದೆಯಲ್ಲಿ ಕೂಲಿಯ ಹಣವನ್ನು ಪೂರ್ತಿಯಾಗಿ ಕೇಂದ್ರವೇ ಭರಿಸಬೇಕಿತ್ತು, ಸಾಮಗ್ರಿ ವೆಚ್ಚದಲ್ಲಿ ನಾಲ್ಕನೆಯ ಒಂದು ಭಾಗ ರಾಜ್ಯದ್ದು. ಹೊಸ ಕಾಯ್ದೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಪ್ರತಿ ರಾಜ್ಯಕ್ಕೂ ಕೇಂದ್ರವು ಒಂದು ಮೊತ್ತ ಗೊತ್ತುಮಾಡುತ್ತದೆ. ಅದನ್ನು ಮೀರಿದ ಖರ್ಚು ರಾಜ್ಯದ ತಲೆಯ ಮೇಲೆ. ಬರ ಬಂದ ವರ್ಷ ಕೆಲಸ ಕೇಳುವವರು ಹೆಚ್ಚುತ್ತಾರೆ, ರಾಜ್ಯದ ಬೊಕ್ಕಸ ಬಡವಾಗುವುದೂ ಅದೇ ವರ್ಷ. ಆಗ 125 ದಿನಗಳ ಮಾತು ಕಾಗದದ ಮೇಲೆ ಉಳಿಯದಂತೆ ಏನು ಏರ್ಪಾಟು? ಈ ಪ್ರಶ್ನೆಗಳನ್ನು ಸಮಿತಿಯೊಂದು ರಾಜ್ಯಗಳ ಅಧಿಕಾರಿಗಳನ್ನೂ ರೈತ, ಕೂಲಿ ಸಂಘಗಳನ್ನೂ ಕರೆಸಿ ಕೇಳಬಹುದಿತ್ತು. ಅದಕ್ಕೆ ಅವಕಾಶವೇ ಆಗಲಿಲ್ಲ.

ಸಮಿತಿ ಎಂದರೇನು?

ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳ ವ್ಯವಸ್ಥೆ ಬಂದದ್ದು 1993ರಲ್ಲಿ. ಮೊದಲು 17 ಇದ್ದವು, 2004ರಲ್ಲಿ 24 ಆದವು. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಮಂತ್ರಿಗಳಿಗೆ ಇಲ್ಲಿ ಸದಸ್ಯತ್ವವಿಲ್ಲ. ಸಭೆ ಬಾಗಿಲು ಮುಚ್ಚಿ ನಡೆಯುವುದರಿಂದ ಪಕ್ಷದ ಕೂಗಾಟ ಕಡಿಮೆ, ವಿಷಯದ ಮಾತು ಹೆಚ್ಚು. ಮಸೂದೆಗಳ ಬಗ್ಗೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯೂ ಇದೆ. 2009ರಿಂದ 2014ರವರೆಗಿನ ಲೋಕಸಭೆಯ ಕಾಲದಲ್ಲಿ ನೂರಕ್ಕೆ ಸುಮಾರು 70 ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. 2019ರಿಂದ 2024ರವರೆಗಿನ ಅವಧಿಯಲ್ಲಿ ಅದು 20ಕ್ಕಿಂತಲೂ ಕೆಳಗಿಳಿಯಿತು.

ಇದರ ಪರಿಣಾಮವನ್ನು ರೈತರು ಒಮ್ಮೆ ಕಣ್ಣಾರೆ ಕಂಡಿದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಮೂರು ಕೃಷಿ ಮಸೂದೆಗಳು ಯಾವ ಸಮಿತಿಗೂ ಹೋಗದೆ ಕೆಲವೇ ದಿನಗಳಲ್ಲಿ ಕಾಯ್ದೆಯಾದವು. ಸದನದಲ್ಲಿ ಆಗದ ಚರ್ಚೆ ದೆಹಲಿಯ ಗಡಿಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಬೀದಿಯಲ್ಲಿ ನಡೆಯಿತು. ಕೊನೆಗೆ 2021ರ ನವೆಂಬರ್ 29ರಂದು ಅವು ರದ್ದಾದವು. ರದ್ದು ಮಾಡುವಾಗಲೂ ಚರ್ಚೆಯಾಗಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಸಮಿತಿ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೂ ತಿಳಿಯಬಾರದು. ಅದರ ಶಿಫಾರಸು ಸರ್ಕಾರಕ್ಕೆ ಕಡ್ಡಾಯವಲ್ಲ. ಗ್ರಾಮೀಣಾಭಿವೃದ್ಧಿ ಸಮಿತಿಯು 2025ರಲ್ಲಿ 150 ದಿನಗಳ ಕೆಲಸವನ್ನೂ ದಿನಕ್ಕೆ ಕನಿಷ್ಠ 400 ರೂಪಾಯಿ ಕೂಲಿಯನ್ನೂ ಸೂಚಿಸಿತ್ತು. ಆ ವರ್ಷ ಕರ್ನಾಟಕದ ದರ 370 ರೂಪಾಯಿ ಇತ್ತು. ವರ್ಷದ ಕೊನೆಯಲ್ಲಿ ಬಂದ ಕಾಯ್ದೆ 125ಕ್ಕೇ ನಿಂತಿತು. ಆದರೂ ಸಮಿತಿಯ ಮಾತು ದಾಖಲೆಯಲ್ಲಿ ಉಳಿಯುತ್ತದೆ. ಅದನ್ನು ಏಕೆ ಒಪ್ಪಲಿಲ್ಲವೆಂದು ಕೇಳಲು ನಾಳೆ ಯಾರಿಗಾದರೂ ಆಧಾರವಿರುತ್ತದೆ.

ನಾವು ಮಾಡಬಹುದಾದದ್ದು

ಕಾಯ್ದೆ ಆಗಿಹೋಯಿತು, ಇನ್ನೇನು ಎಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಸಂಸತ್ತಿನ ಕಣ್ಣಿಗೆ ಇನ್ನೂ ಮೂರು ಕಿಂಡಿಗಳಿವೆ.

ಮೊದಲನೆಯದು, ಕಾಯ್ದೆಯಡಿ ಕೇಂದ್ರ ಮಾಡುವ ನಿಯಮಗಳು. ಅವನ್ನು ಉಭಯ ಸದನಗಳ ಮುಂದೆ ಇಡುವುದು ವಾಡಿಕೆ. ಅವುಗಳನ್ನು ಪರಿಶೀಲಿಸಲು ಪ್ರತ್ಯೇಕ ಸಮಿತಿಗಳಿವೆ. ಎರಡನೆಯದು, ಪ್ರತಿ ವರ್ಷ ಮುಂಗಡಪತ್ರದ ಅಧಿವೇಶನದಲ್ಲಿ ಇಲಾಖೆಯ ಅನುದಾನ ಬೇಡಿಕೆಗಳನ್ನು ಸ್ಥಾಯೀ ಸಮಿತಿ ನೋಡುತ್ತದೆ. ಎಷ್ಟು ದಿನಗಳ ಕೆಲಸ ನಿಜವಾಗಿ ಸಿಕ್ಕಿತು, ಕೂಲಿ ಬಟವಾಡೆ ಎಷ್ಟು ದಿನ ತಡವಾಯಿತು ಎಂಬ ಲೆಕ್ಕ ಅಲ್ಲಿ ಬರುತ್ತದೆ. ಮೂರನೆಯದು ಪ್ರಶ್ನೋತ್ತರ ಕಾಲ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ನಮ್ಮ ರಾಜ್ಯದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಮಂದಿ ಹೋಗಿದ್ದಾರೆ. ಅವರ ಕೈಗೆ ಪ್ರಶ್ನೆ ಕೊಡಬೇಕಾದವರು ನಾವು.

ಅದಕ್ಕೆ ಬೇಕಾದದ್ದು ಭಾಷಣವಲ್ಲ, ಲೆಕ್ಕ. ಅರ್ಜಿ ಕೊಟ್ಟ ದಿನ, ಕೆಲಸ ಸಿಕ್ಕ ದಿನ, ಕೂಲಿ ಬಂದ ದಿನ, ಕಾಮಗಾರಿ ನಿಂತ ದಿನಗಳು ಮತ್ತು ಆಗ ಊರಿನ ಹೊಲಗದ್ದೆಗಳಲ್ಲಿ ಕೆಲಸ ಇತ್ತೇ ಇಲ್ಲವೇ ಎಂಬ ವಿವರವನ್ನು ವಾಚನಾಲಯದಲ್ಲಿ ಒಂದು ಪುಸ್ತಕವಿಟ್ಟು ಬರೆದುಕೊಳ್ಳಿ. ಅರ್ಜಿಗೆ ತಾರೀಖು ಹಾಕಿದ ರಸೀದಿ ಕೇಳಿ ಪಡೆಯಿರಿ; ಗ್ರಾಮಸಭೆಯಲ್ಲಿ ಆ ಪುಸ್ತಕ ಓದಿಸಿ, ಅದರ ಪ್ರತಿಯನ್ನು ನಿಮ್ಮ ಲೋಕಸಭಾ ಸದಸ್ಯರಿಗೆ ಕಳುಹಿಸಿ. ಊರಿನ ಹೆಸರು, ತಾರೀಖು, ಅಂಕಿ ಇರುವ ಪತ್ರವನ್ನು ಬದಿಗಿಡುವುದು ಅಷ್ಟು ಸುಲಭವಲ್ಲ. ದೆಹಲಿಯಲ್ಲಿ ತೂರದೆ ಬಿಟ್ಟ ಹೊಟ್ಟನ್ನು ಊರಿನಲ್ಲಿ ಆರಿಸಿ ತೋರಿಸುವ ದಾರಿ ಸದ್ಯಕ್ಕೆ ಇದೇ.