ಎಡೆದೊರೆಯ ದಂಡೆಗಳು

ರಜೆ ಬಂದಿತೆಂದರೆ ರಾಯಚೂರಿನ ಗೃಹಸ್ಥರು ಗಂಟುಮೂಟೆ ಕಟ್ಟಿಕೊಂಡು ಗೋಕರ್ಣ, ಕಾರವಾರ, ಗೋವೆಗಳ ಕಡಲದಂಡೆಗೆ ಹೊರಡುವರು. ಹೋಗಲಿ, ನಾವು ಬೇಡವೆನ್ನುವದಿಲ್ಲ. ಆದರೆ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ಹೀಗೆ ಎರಡು ಮಹಾನದಿಗಳ ನಡುವೆ ಹುಟ್ಟಿ ಬೆಳೆದವರು ನೀರಿನ ಅಂಚನ್ನು ಕಾಣಲು ನಾಡಿನ ಆ ತುದಿಗೆ ಹೋಗುವದು ವಿಚಿತ್ರವೇ ಸರಿ. ಈ ಸೀಮೆಗೆ ಪೂರ್ವಿಕರಿಟ್ಟ ಹೆಸರು ಎಡೆದೊರೆ. ಆ ಹೆಸರು ಶಾಸನಗಳಲ್ಲಿ ಉಳಿಯಿತು, ನಮ್ಮ ಬಾಯಲ್ಲಿ ಉಳಿಯಲಿಲ್ಲ.

ಯರಗೇರಾದ ಹಾದಿಯಿಂದ ನಿತ್ಯವೂ ಮಂತ್ರಾಲಯಕ್ಕೆ ಯಾತ್ರಿಕರು ಸಾಗುವರು. ಆಚೆ ದಡದ ಆ ಕ್ಷೇತ್ರವು ಎಲ್ಲರಿಗೂ ಗೊತ್ತು. ಈಚೆ ದಡದಲ್ಲಿ, ನಮ್ಮ ತಾಲ್ಲೂಕಿನಲ್ಲಿಯೇ ಇರುವ ಬಿಚ್ಚಾಲಿಯನ್ನು, ಶ್ರೀ ರಾಘವೇಂದ್ರ ಸ್ವಾಮಿಗಳ ಶಿಷ್ಯರಾದ ಅಪ್ಪಣಾಚಾರ್ಯರ ಆ ಊರನ್ನು, ಕಂಡು ಬಂದವರು ಅವರಲ್ಲಿ ಎಷ್ಟು ಮಂದಿ? ಅದೇ ನದಿಯನ್ನು ಹಿಡಿದು ಮೇಲಕ್ಕೆ ನಡೆದರೆ ಮಾನವಿ ಸೀಮೆಯ ಚೀಕಲಪರವಿ, ವಿಜಯದಾಸರ ಜನ್ಮಸ್ಥಳ. ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ದೂರದ ಮಹಾರಾಷ್ಟ್ರದಿಂದ ದತ್ತಭಕ್ತರು ಬರುವರು; ನಮ್ಮ ಪಟ್ಟಣದ ವಕೀಲರೊಬ್ಬರು ಅದು ಯಾವ ಜಿಲ್ಲೆಯಲ್ಲಿದೆಯೆಂದು ನಮ್ಮನ್ನೇ ಕೇಳಿದರು!

ನಗರದ ಮಾತಂತೂ ಇನ್ನೂ ಶೋಚನೀಯ. ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಒಂದೇ ಕಲ್ಲು 40 ಅಡಿಗೂ ಮೀರಿ ಉದ್ದವಾಗಿದೆ. ಅದನ್ನು ಬಂಡಿಗೇರಿಸಿ ಕೋಣಗಳಿಂದ ಎಳೆಸಿ ತಂದ ಬಗೆಯನ್ನು ಅಂದಿನ ಕಲ್ಲುಕುಟಿಗನು ಅಲ್ಲಿಯೇ ಚಿತ್ರವಾಗಿ ಕೆತ್ತಿಟ್ಟಿದ್ದಾನೆ. ಬರೆಹವು ತೆಲುಗಿನದೆಂದು ಕೆಲವರು ಮೂಗು ಮುರಿಯುವರು. ಕಾಕತೀಯರ ಕೋಟೆಯಲ್ಲಿ ಮತ್ತಾವ ಬರೆಹವಿರಬೇಕು? ಕಲ್ಲು ನಮ್ಮ ನೆಲದ್ದು, ಎತ್ತಿದ ತೋಳುಗಳೂ ಇಲ್ಲಿಯವೇ ಆಗಿದ್ದಿರಬೇಕು. 1520ರಲ್ಲಿ ಕೃಷ್ಣದೇವರಾಯನು ಈ ಕೋಟೆಯನ್ನು ಗೆದ್ದ ವೃತ್ತಾಂತವನ್ನು ಪೋರ್ತುಗೀಸರ ನೂನಿಜನು ವಿಸ್ತಾರವಾಗಿ ಬರೆದಿಟ್ಟನು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಾದಿಗಳು ಕೂಡಿಕೊಂಡದ್ದು ಇದೇ ಊರಿನಲ್ಲಿ. ಪರದೇಶದವರು ಕಂಡರು, ಪರಊರಿನವರು ಹಾದುಹೋದರು; ಊರವರು ಕೋಟೆಯ ಕಡೆಗೆ ಬೆನ್ನು ಮಾಡಿ ಕುಳಿತಿದ್ದೇವೆ.

ಇದು ಬರಿಯ ವಿಹಾರದ ಮಾತಲ್ಲ. 2022ರ ಮೇ ತಿಂಗಳಲ್ಲಿ, ಎರಡು ಹೊಳೆಗಳ ನಡುವಿನ ಈ ನಗರದಲ್ಲಿ, ನಲ್ಲಿಯ ಕಲುಷಿತ ನೀರಿನಿಂದ ಅನೇಕರು ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ಕುಡಿಯುವ ನೀರು ಯಾವ ದಂಡೆಯಿಂದ, ಯಾವ ಕೆರೆಯ ಮಾರ್ಗವಾಗಿ ಮನೆಗೆ ಬರುತ್ತದೆಯೆಂಬುದನ್ನು ನಾಗರಿಕರು ಅಂದು ಮೊದಲ ಬಾರಿಗೆ ವಿಚಾರಿಸಿದರು. ಹೊಳೆಯನ್ನು ಕಣ್ಣಾರೆ ನೋಡುತ್ತಿದ್ದ ಜನವಾಗಿದ್ದರೆ ಆ ಪ್ರಶ್ನೆಯು ಸಾವಿಗಾಗಿ ಕಾಯುತ್ತಿರಲಿಲ್ಲ.

ಯರಗೇರಾದಲ್ಲಿ ಈಗ ವಿಶ್ವವಿದ್ಯಾಲಯವಿದೆ. ಎರಡೂ ನದಿಗಳು ಅದಕ್ಕೆ ದೂರವಲ್ಲ. ಅಲ್ಲಿಯ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ದಂಡೆಯ ಒಂದೊಂದೇ ಊರಿನ ಗುಡಿ, ದರ್ಗಾ, ಕಟ್ಟೆ, ದೋಣಿಗಡವು, ನೀರಿನ ಸ್ಥಿತಿ ಇವನ್ನೆಲ್ಲ ಕನ್ನಡದಲ್ಲಿ ಬರೆದಿಡಲಿ. ಜಿಲ್ಲೆಯ ಅಧಿಕಾರಿಗಳು ಕೋಟೆಯ ಶಾಸನದ ಬಳಿ ಅದರ ಸಾರವನ್ನು ತಿಳಿಗನ್ನಡದಲ್ಲಿ ಹಾಕಿಸಲಿ. ಇದಕ್ಕೆ ದೊಡ್ಡ ಮಂಜೂರಾತಿಯೇನೂ ಬೇಕಿಲ್ಲ. ವಕೀಲ ಮಹಾಶಯರಿಗೆ ನಾವು ಬರುವ ಭಾನುವಾರ ಕುರುವಪುರವನ್ನು ತೋರಿಸುವದಾಗಿ ಮಾತು ಕೊಟ್ಟಿದ್ದೇವೆ. ಜೊತೆಗೆ ಬರುವವರು ಬೆಳಿಗ್ಗೆ ಆರಕ್ಕೆ ಕಚೇರಿಯ ಮುಂದೆ ಕೂಡಬಹುದು.