ಮನೆಯ ಹಾಡು, ಮುಗಿಲ ದಾರಿ

ಬಿಣಗಾದ ಮನೆಯೊಂದರ ಕಪಾಟಿನಲ್ಲಿ ಇರಿಸಿದ ಹಾಡನ್ನು ನಡುಗಡಲಿನ ಹಡಗಿನಲ್ಲಿ ಕುಳಿತು ಕೇಳುವುದು ಈಗ ಆಗದ ಮಾತಲ್ಲ. ಕಾರವಾರ, ಅಂಕೋಲೆಗಳ ಕರಾವಳಿಯಿಂದ ಹಡಗಿನ ಕೆಲಸಕ್ಕೆ ಹೋಗುವ ತರುಣರು ಹಿಂದಿನಿಂದಲೂ ಇದ್ದಾರೆ. ಕ್ಯಾಸೆಟ್ಟುಗಳ ಕಾಲದಲ್ಲಿ ಅಂಥವನ ಪೆಟ್ಟಿಗೆಯ ತಳದಲ್ಲಿ ಹತ್ತು ಹನ್ನೆರಡು ಕ್ಯಾಸೆಟ್ಟುಗಳು ಹೋಗುತ್ತಿದ್ದವು. ಕೆಲವು ತಿಂಗಳಲ್ಲಿ ಅವುಗಳಲ್ಲಿ ಅರ್ಧ ಸವೆದು, ಉಳಿದರ್ಧ ಬೇಸರ ತಂದು, ಊರಿನ ಹಾಡಿನ ನಂಟು ಅಲ್ಲಿಗೇ ಕಡಿಯುತ್ತಿತ್ತು. ಈಗ ಎಷ್ಟೋ ಹಡಗುಗಳಲ್ಲಿ ಉಪಗ್ರಹದ ಮೂಲಕ ಅಂತರ್ಜಾಲ ದೊರೆಯುವುದುಂಟು. ಮನೆಯಲ್ಲಿ ಅಂಗೈಯಗಲದ ಗಣಕಯಂತ್ರವೊಂದನ್ನು ಹಗಲಿರುಳು ನಡೆಯುವಂತೆ ಇಟ್ಟು, ಹಾಡುಗಳನ್ನು ತುಂಬಿ, ನ್ಯಾವಿಡ್ರೋಮ್, ಜೆಲ್ಲಿಫಿನ್ ಮೊದಲಾದ ಉಚಿತ ತಂತ್ರಾಂಶಗಳಲ್ಲಿ ಒಂದನ್ನು ಅಳವಡಿಸಿದರೆ ಅದೇ ಸರ್ವರ್ ಎನ್ನಿಸಿಕೊಳ್ಳುವುದು; ಎಂದರೆ, ಎಲ್ಲಿಂದ ಯಾವ ಹೊತ್ತಿಗೆ ಕೇಳಿದರೂ ಬೇಸರಿಸದೆ ಬಡಿಸುವ ಮನೆಯಾಳು. ಅದು ನುಂಗುವ ವಿದ್ಯುತ್ತು ಒಂದು ಸಣ್ಣ ದೀಪದಷ್ಟು.

ಇದೆಲ್ಲ ಹವ್ಯಾಸಿಗಳ ಹುಚ್ಚೆಂದು ನಗುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆದರೆ ಈ ಏರ್ಪಾಟಿನಲ್ಲಿ ಮೆಚ್ಚಬೇಕಾದುದು ಆಕಾಶದ ಯಂತ್ರವೋ, ಕಪಾಟಿನ ಪೆಟ್ಟಿಗೆಯೋ ಎಂಬುದನ್ನು ವಿಚಾರಿಸಿ ನೋಡಬೇಕಾಗಿದೆ.

ಮೊದಲು ಆಕಾಶದ ಮಾತು. ಭೂಸ್ಥಿರ ಉಪಗ್ರಹವು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವುದು. ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು ಕಾಯುವ ಇನ್ಸ್ಯಾಟ್, ಜಿಸ್ಯಾಟ್‌ಗಳು ಈ ಜಾತಿಯವು. ಅಷ್ಟು ಎತ್ತರ ಏರಿ ಇಳಿಯಲು ಬೆಳಕಿನ ವೇಗದ ಸಂಕೇತಕ್ಕೂ ಕಾಲು ಸೆಕೆಂಡು ಹಿಡಿಯುವುದು; ಬೇಡಿಕೆ ಹೋಗಿ ಉತ್ತರ ಮರಳಲು ಅರ್ಧ ಸೆಕೆಂಡು. ಇಬ್ಬರು ಮಾತನಾಡುವಾಗ ಈ ತಡ ಕಿರಿಕಿರಿಯೆನಿಸುತ್ತದೆ. ಹಾಡಿಗಾದರೋ ಅದರಿಂದ ಬಾಧೆಯೇ ಇಲ್ಲ. ಒಮ್ಮೆ ಹೊರಟ ಹಾಡು ಕೇಳುಗನ ಯಂತ್ರದಲ್ಲಿ ಸ್ವಲ್ಪ ಮುಂಗಡವಾಗಿ ಶೇಖರವಾಗುತ್ತ, ಕೊಡದಿಂದ ನೀರು ಸುರಿದಂತೆ ಸಾಗುವುದು. ವಿಲಂಬಿತ ಖಯಾಲು ಅರ್ಧ ಸೆಕೆಂಡು ತಡವಾಗಿ ಆರಂಭವಾದರೆ ಯಾರು ಲೆಕ್ಕವಿಟ್ಟಾರು? ಸ್ಟಾರ್‌ಲಿಂಕಿನಂಥ ಹೊಸ ಜಾಲಗಳ ಉಪಗ್ರಹಗಳು 550 ಕಿಲೋಮೀಟರಿನ ಸುಮಾರಿನಲ್ಲಿಯೇ ಸುತ್ತುವುದರಿಂದ ಅಲ್ಲಿ ಅಷ್ಟು ತಡವೂ ಇಲ್ಲ; ಆ ಸಂಸ್ಥೆಗೆ ನಮ್ಮ ಸರಕಾರ 2025ರ ಜೂನಿನಲ್ಲಿ ಪರವಾನಿಗೆ ನೀಡಿತು. ಇನ್ನು ಹೊರೆಯ ಲೆಕ್ಕ: ಸೆಕೆಂಡಿಗೆ 128 ಕಿಲೋಬಿಟ್ಟಿನಂತೆ ಹರಿಯುವ ಸಂಗೀತ ಗಂಟೆಗೆ ಸುಮಾರು 58 ಮೆಗಾಬೈಟ್ ಮಾತ್ರ. ಹಡಗಿನಲ್ಲಿ ಅಳೆದು ಕೊಡುವ ಅಂತರ್ಜಾಲಕ್ಕೂ ಇದು ನಿಲುಕುವಂಥದೇ.

ತೊಡಕುಗಳಿಲ್ಲವೆಂದಲ್ಲ. ಇಂಥ ಸಂಪರ್ಕಗಳಲ್ಲಿ ಅನೇಕ ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇರುವುದು ಸಾಮಾನ್ಯ. ಪತ್ರ ಊರಿನ ಅಂಚೆಕಚೇರಿಯವರೆಗೆ ಬಂದರೂ ಮನೆ ಯಾವುದೆಂದು ಅಂಚೆಯವನಿಗೆ ತಿಳಿಯದು. ಆಗ ಮನೆಯವರೇ ಒಬ್ಬನನ್ನು ಅಂಚೆಕಚೇರಿಯ ಜಗಲಿಯಲ್ಲಿ ಸದಾ ಕೂರಿಸಿದಂತೆ, ಮನೆಯ ಯಂತ್ರ ತಾನೇ ಹೊರಗೆ ಕೈಚಾಚಿ ಒಂದು ಗುಪ್ತಮಾರ್ಗವನ್ನು ತೆರೆದಿಟ್ಟುಕೊಳ್ಳಬೇಕು. ವೈರ್‌ಗಾರ್ಡ್ ಮುಂತಾದುವು ಮಾಡುವುದು ಇದನ್ನೇ. ಜಡಿಮಳೆ ಇನ್ನೊಂದು ತೊಡಕು. ಉಪಗ್ರಹಗಳು ಬಳಸುವ ಕಿರಿಯ ಅಲೆಗಳನ್ನು ಮಳೆಯ ಹನಿ ಹೀರಿಕೊಳ್ಳುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಬಹುತೇಕ ನಾಲ್ಕೇ ತಿಂಗಳಲ್ಲಿ. ಆದರೂ ಇದೇ ಕರಾವಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದುದನ್ನು ಕಂಡವರು, ರಸ್ತೆಯ ಅಂಚಿನ ತಂತಿಯನ್ನು ನೆಚ್ಚದ ಒಂದು ದಾರಿ ಇರಲಿ ಎಂದರೆ ಆಕ್ಷೇಪಿಸುವಂತಿಲ್ಲ.

ಯಂತ್ರದ ಮಾತು ಇಷ್ಟು ಸಾಕು. ಓದುಗರು ಕೇಳುವ ನಿಜವಾದ ಪ್ರಶ್ನೆ ಬೇರೆ: ತಿಂಗಳಿಗೆ ಅಲ್ಪ ಹಣ ತೆತ್ತರೆ ಕೋಟಿಗಟ್ಟಲೆ ಹಾಡು ಕೊಡುವ ಕಂಪನಿಗಳಿರುವಾಗ ಈ ಸ್ವಂತ ಉಸಾಬರಿ ಏತಕ್ಕೆ?

ಮೊದಲನೆಯದಾಗಿ, ಬಾಡಿಗೆಯ ಹಾಡು ಬಾಡಿಗೆಯದೇ. 2020ರಲ್ಲಿ ಗೂಗಲ್ ಪ್ಲೇ ಮ್ಯೂಸಿಕ್ ಬಾಗಿಲು ಹಾಕಿತು. 2024ರ ಜನವರಿಯಲ್ಲಿ ರೆಸ್ಸೋ ಭಾರತದಿಂದ ಹೊರಟುಹೋಯಿತು. ಅದೇ ವರ್ಷ ವಿಂಕ್ ಮ್ಯೂಸಿಕ್ಕನ್ನೂ ಮುಚ್ಚಲಾಯಿತು. ಹಾಡುಗಳನ್ನು ಆರಿಸಿ, ಜೋಡಿಸಿ, ತಮ್ಮದೆಂದು ಭಾವಿಸಿದ್ದ ಕೇಳುಗರಿಗೆ ಉಳಿದುದು ಬೇರೆ ಅಂಗಡಿ ಹುಡುಕುವ ಕೆಲಸ. ಎರಡನೆಯದು ಇದಕ್ಕಿಂತ ಮುಖ್ಯ. ಆ ಅಂಗಡಿಗಳಲ್ಲಿ ಎಲ್ಲವೂ ಇದೆಯೆಂಬ ಭ್ರಮೆಯಿದೆ. ಭೀಮಸೇನ ಜೋಶಿಯವರು ಸಿಕ್ಕುತ್ತಾರೆ, ಗಂಗೂಬಾಯಿ ಹಾನಗಲ್ಲರು ಸಿಕ್ಕುತ್ತಾರೆ. ಮಾರಾಟಕ್ಕೆ ಬಂದುದೆಲ್ಲ ಸಿಕ್ಕುತ್ತದೆ. ಮಾರಾಟಕ್ಕೆ ಬಾರದುದರ ಗತಿಯೇನು?

ಉತ್ತರ ಕನ್ನಡದ ಮನೆಗಳ ಕಪಾಟುಗಳಲ್ಲಿ ಇಂಥದೇ ಹೆಚ್ಚು. 1990ರಲ್ಲಿ, ತುಂಬು ಹರೆಯದಲ್ಲಿಯೇ ಅಪಘಾತಕ್ಕೆ ಬಲಿಯಾದ ಭಾಗವತ ಕಾಳಿಂಗ ನಾವಡರ ದನಿ ಇಂದಿಗೂ ನಮ್ಮ ಕಿವಿಗೆ ಬೀಳುವುದಾದರೆ, ಅದಕ್ಕೆ ಅಂಗಡಿಯ ಕ್ಯಾಸೆಟ್ಟುಗಳಷ್ಟೇ ಕಾರಣವಲ್ಲ; ಬಯಲಾಟದ ಅಂಗಳದಲ್ಲಿ ರಾತ್ರಿಯಿಡೀ ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಅಭಿಮಾನಿಗಳೂ ಕಾರಣ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯಿರಿ. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ನೆನಪೊಂದರಲ್ಲೇ ಹೊತ್ತಿದ್ದ ಆ ತಾಯಿಗೆ 2017ರಲ್ಲಿ ಪದ್ಮಶ್ರೀ ಬಂದಿತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಕಾರವಾರದ ಆಕಾಶವಾಣಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿತೆಂಬುದು ಸಮಾಧಾನ. ಆದರೆ ಹಾಡಿದವರು ಅವರೊಬ್ಬರೇ ಅಲ್ಲವಷ್ಟೆ. ನಾಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ, ತೊಟ್ಟಿಲ ಬಳಿಯಲ್ಲಿ ಹಾಡಿದ ಅದೆಷ್ಟೋ ಕಂಠಗಳು ಯಾರದೋ ಮನೆಯ ಟೇಪಿನಲ್ಲಿ, ಹಳೆಯ ಮೊಬೈಲಿನಲ್ಲಿ, ಅರ್ಧ ಮರೆತ ಸ್ಥಿತಿಯಲ್ಲಿವೆ. ನಡುಗಡಲಿನ ಮಗನಿಗೆ ಕೇಳಿಸಬೇಕಾದುದು ಇದು. ಸಿನಿಮಾ ಹಾಡು ಅವನಿಗೆ ಯಾವ ಬಂದರಿನಲ್ಲಿಯೂ ದೊರಕೀತು.

ಮನೆಯಿಂದ ಹಾಡು ಹೊರಡಿಸುವ ಕೆಲಸ ಕನ್ನಡನಾಡಿಗೆ ಹೊಸದೇನಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿಯೇ ಪುಟ್ಟ ಪ್ರಸಾರಯಂತ್ರವನ್ನು ಹೂಡಿ ಬಾನುಲಿ ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಆದರೆ ಗೋಪಾಲಸ್ವಾಮಿಯವರ ಮನೆಯಿಂದ ಹೊರಟ ದನಿ ಊರೆಲ್ಲಕ್ಕೂ ಕೇಳಿಸುತ್ತಿತ್ತು. ಈಗಿನ ಮನೆಯ ಸರ್ವರ್ ಬೀಗ ಹಾಕಿದ ಬಾಗಿಲಿನದು. ಸಂಕೇತಪದ ಬಲ್ಲ ಮನೆಮಂದಿಗೆ ಮಾತ್ರ ತೆರೆಯುವುದು. ಅನ್ಯರ ಹಕ್ಕಿನ ಧ್ವನಿಮುದ್ರಣಗಳ ಮಟ್ಟಿಗೆ ಅದು ಹಾಗಿರುವುದೇ ನ್ಯಾಯ. ಅಜ್ಜಿಯ ಜೋಗುಳವೂ ಮನೆಯೊಳಗಿರಲಿ. ಆದರೆ ಒಂದು ಸಮುದಾಯದ ಹಾಡನ್ನು ಒಂದು ಮನೆ ಬಚ್ಚಿಟ್ಟುಕೊಳ್ಳುವುದು, ಅದೆಷ್ಟು ಪ್ರೀತಿಯಿಂದಲೇ ಆಗಲಿ, ನನಗೆ ಒಪ್ಪಿಗೆಯಾಗದು. ಹಾಡಿದವರ ಸಮ್ಮತಿ ಪಡೆದು ಒಂದು ಪ್ರತಿಯನ್ನು ಆಕಾಶವಾಣಿಗೋ ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೋ ಒಪ್ಪಿಸತಕ್ಕದ್ದು. ನಮ್ಮ ಕಾಲೇಜುಗಳ ಕನ್ನಡ ಅಧ್ಯಾಪಕರು ಇದರಲ್ಲಿ ಕೈಹಾಕಿದರೆ, ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ಮಾಡಬಹುದಾದ ಕೆಲಸ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಮನೆ ಎಂಬ ಮಾತು ಈ ಸೀಮೆಯಲ್ಲಿ ಅಷ್ಟು ಸುಲಭದ್ದೂ ಅಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಅರಗಾ ಮೊದಲಾದ ಹಳ್ಳಿಗಳ ಸಾವಿರಾರು ಕುಟುಂಬಗಳು ಕಡಲಂಚಿನ ನೆಲೆಯನ್ನು ಬಿಟ್ಟೇಳಬೇಕಾಯಿತು. 2005ರಲ್ಲಿ ಅಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯರು. ಆದರೆ ಗಂಟುಮೂಟೆ ಕಟ್ಟುವಾಗ ಪಾತ್ರೆ ಪಡಗ ಬರುತ್ತದೆ, ದೇವರ ಪೀಠ ಬರುತ್ತದೆ. ಹಳೆಯ ಟೇಪುಗಳಂಥವು ಹಿಂದೆ ಉಳಿಯುವುದು ಲೋಕರೂಢಿ. ಆದುದರಿಂದ, ಒಂದೇ ಮನೆಯ ಒಂದೇ ಪೆಟ್ಟಿಗೆಯನ್ನು ನೆಚ್ಚಿ ಕೂರುವುದು ಈ ಊರಿನವರಿಗೆ ಸಲ್ಲದು. ಉಪ್ಪುಗಾಳಿ ಯಂತ್ರದ ಲೋಹವನ್ನು ತಿನ್ನುತ್ತದೆ, ಸಿಡಿಲಿಗೆ ಕರುಣೆಯಿಲ್ಲ. ಎರಡನೆಯ ಪ್ರತಿ ಘಟ್ಟದ ಮೇಲಿನ ನೆಂಟರಲ್ಲಿರಲಿ. ಸಂಕೇತಪದ ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಲಿ; ಯಂತ್ರ ಹೂಡಿದ ಮಗ ಸಮುದ್ರದ ಮೇಲಿದ್ದು, ಇಲ್ಲಿ ತಾಯಿಗೆ ಅದನ್ನು ತೆರೆಯಲು ಬಾರದೆ ಕೂರುವ ವಿಪರೀತ ಬೇಡ.

ಟೇಪಿಗೆ ಬೂಷ್ಟು ಹಿಡಿಯಲು ಇಲ್ಲಿಯ ಒಂದು ಮಳೆಗಾಲ ಸಾಕು. ಅದನ್ನು ನುಡಿಸುವ ಯಂತ್ರಗಳೂ, ದುರಸ್ತಿ ಬಲ್ಲವರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೆಲಸ ಜೂನಿಗೆ ಮುಂಚೆ ಆಗಬೇಕು. ಕಪಾಟಿನಲ್ಲಿ ಹೆಸರು ಬರೆದಿಟ್ಟ ಟೇಪುಗಳಿಗಿಂತ ಹೆಸರಿಲ್ಲದವನ್ನು ಮೊದಲು ತೆಗೆಯುವುದು ಲೇಸು. ಹೆಸರಿದ್ದುದರ ಪ್ರತಿ ಬೇರೆಲ್ಲಾದರೂ ಇದ್ದೀತು. ಹೆಸರಿಲ್ಲದುದರಲ್ಲಿರುವ ದನಿ ಯಾರದೆಂದು ಹೇಳಬಲ್ಲ ಹಿರಿಯರು ಇನ್ನೂ ಮನೆಯಲ್ಲಿದ್ದಾರೆ.