ವಯಸ್ಸು ಎಣಿಸಿ ಚಾವಿ ಕಸಕೋಬ್ಯಾಡ್ರಿ

ಅಕ್ಕಗೋಳೇ, ವೈನಿಗೋಳೇ, ಈ ಸಲ ಅಡಿಗಿ ಮಾತಿಲ್ಲ, ಜಗಳದ ಮಾತದ.

ದೀಪಾವಳಿಗಿ ಬಂದ ನಮ್ಮ ಮಗ ಅವರಪ್ಪನ ಸ್ಕೂಟರ್ ಚಾವಿ ಕಸಕೊಂಡು ಅಲಮಾರದಾಗ ಇಟ್ಟ. "ಅಪ್ಪಾಗ 67 ಆದವು, ಇನ್ನ ಸಾಕು" ಅಂದ. ನೌಬಾದದ ಬಸವೇಶ್ವರ ಸರ್ಕಲ್ ಹತ್ರ ಬಾಜೂದಿಂದ ಬಂದ ಆಟೋ ಇವರಿಗಿ ಕಾಣಲಿಲ್ಲ, ಬಿದ್ದು ಮೊಣಕಾಲು ತರಚಿತ್ತು. ಹುಡುಗನ ಹೆದರಿಕಿ ಸುಳ್ಳಲ್ಲ. ಆದ್ರ ಇವರು ಅಂಗಳದಾಗ ಸುಮ್ನ ಕುಂತಿದ್ದು ನೋಡಿ ನನ್ನ ಹೊಟ್ಟಿ ಉರೀತು. ನನಗೂ ಕಾಲು ಕಟ್ಟಿದಂಗ ಆಯ್ತು. ಚೌಬಾರದ ಪ್ಯಾಟಿ, ಸೋಮವಾರ ಪಾಪನಾಶ ಗುಡಿ, ಭಾಲ್ಕ್ಯಾಗ ತಂಗಿ ಮನಿ, ಎಲ್ಲಾ ನಾ ಅವರ ಹಿಂದೇ ಕುಂತು ಹೋಗಾಕಿ.

ಕಾಯ್ದೆ ಸುದ್ದಾ ವಯಸ್ಸಾಯ್ತು ಬಿಡು ಅನ್ನಂಗಿಲ್ಲ. 55 ದಾಟಿದೋರಿಗಿ ಲೈಸೆನ್ಸ್ ಐದೈದು ವರ್ಷಕ್ಕ ಕೊಡ್ತದ, ಡಾಕ್ಟರ್ ಸರ್ಟಿಫಿಕೇಟ್ ಕೇಳ್ತದ. ಆದ್ರ ನಮಗ ಬರಕೊಟ್ಟ ಡಾಕ್ಟರ್ ಮುಖ ಎತ್ತಿ ಸುದ್ದಾ ನೋಡಲಿಲ್ಲ, ಸಹಿ ಒತ್ತಿ ಕೊಟ್ರು. ಅಲ್ಲಿ ನೋಡದಿದ್ರ ಮನ್ಯಾಗ ನಾವೇ ನೋಡಬೇಕು.

ಕೆಲವ್ರು ಅಂತಾರ, ಪದಬಂಧ ಬಿಡಸ್ರಿ, ನೆನಪಿನ ಶಕ್ತಿ ಬೆಳಸ್ರಿ, ಎಲ್ಲಾ ಸರಿ ಹೋಗ್ತದ ಅಂತ. ಅದೂ ತಪ್ಪು. ಅಮೇರಿಕಾದಾಗ 65 ದಾಟಿದ ಸುಮಾರು 2,800 ಜನರ ಮ್ಯಾಲ ‘ಆ್ಯಕ್ಟಿವ್’ ಅನ್ನೋ ಪರೀಕ್ಷಾ ಮಾಡಿದ್ರು, ಮಗಳು ಓದಿ ಹೇಳಿದಳು. ಕಂಪ್ಯೂಟರ್ ಮುಂದ ಹತ್ತು ಸಲ, ಒಂದೊಂದು ತಾಸು, ಐದಾರು ವಾರ ಕಲಿಸಿದ್ರು. ನಡುವಿನ ಚಿತ್ರ ನೋಡ್ತಾನೇ ಅಂಚಿನಾಗ ಮಿಂಚಿ ಹೋಗಿದ್ದು ಹೇಳಬೇಕು. ಅವರಾಗ ಗಾಡಿ ಹೊಡಿಯೋರನ್ನ ಆರು ವರ್ಷ ನೋಡಿದ್ರ, ಹಿಂಗ ಕಲ್ತೋರದೇ ತಪ್ಪಿಂದ ಆದ ಅಪಘಾತ, ಏನೂ ಕಲೀದವರಕಿಂತ ಸುಮಾರು ಅರ್ಧ ಆಗಿದ್ವು. ನೆನಪಿನ ಕಸರತ್ತು ಮಾಡಿದೋರಿಗಿ ಅಂಥಾ ಫಾಯಿದಾ ಕಾಣಲಿಲ್ಲ.

ಅವರು ಕಾರಿನೋರು. ನಮ್ಮೋರು ಸ್ಕೂಟರ್ ಮ್ಯಾಲ, ಬಿದ್ರ ಮೈಗೇ ಪೆಟ್ಟು. ಅದಕ್ಕ ನಾ ಮೊದ್ಲು ಕಣ್ಣಿನ ಡಾಕ್ಟರ್ ಕಡಿ ಕರ್ಕೊಂಡು ಹೋದೆ. ಮೋತಿಬಿಂದು ಇತ್ತು, ತಗಸಿದ್ವಿ. ಡಾಕ್ಟರ್ ಗಾಡಿ ಹೊಡೀಬಹುದು ಅಂದ ಮ್ಯಾಲ ಮನ್ಯಾಗ ಆಟ ಸುರು. ನಾ ಎದುರಿಗಿ ಅಕ್ಷರದ ಚೀಟಿ ಹಿಡೀತೀನಿ, ಮೊಮ್ಮಗ ಬಾಜೂಕ ಬೆರಳು ತೋರಿಸಿ ಮರೆ ಮಾಡ್ತಾನ. ಕುತ್ತಿಗಿ ತಿರುವದಂಗ ಎರಡೂ ಹೇಳಬೇಕು. ಇದು ಅವರ ಕಂಪ್ಯೂಟರಿನಷ್ಟು ಪಕ್ಕಾ ಅಂತ ನಾ ಅನ್ನಂಗಿಲ್ಲ. ಆದ್ರ ಯಾರಿಗಿ ಎಷ್ಟು ಕಾಣ್ತದ, ಯಾರು ತಡಾ ಮಾಡ್ತಾರ, ಮನಿ ಮಂದಿಗಿ ಗೊತ್ತಾಗ್ತದ.

ಸಂಜಿ ಮಬ್ಬಿನಾಗ ಆಡಿದಾಗ ಇವರು ಮತ್ತ ಮತ್ತ ತಪ್ಪಿದ್ರು. ಯಾರೂ ಹೇಳಲಿಲ್ಲ, ತಾವೇ ಅಂದ್ರು: "ರಾತ್ರಿ ಹೊಡಿಯಂಗಿಲ್ಲ. ಭಾಲ್ಕಿಗಿ ಬಸ್ಸಿಗೇ ಹೋಗಮ್ಮು."

ನೋಡ್ರಿ, ಕಸಕೊಂಡಿದ್ರ ಆ ಮಾತು ಬರ್ತಿತ್ತೇನು? ನಾಳಿ ಹಗಲಿನಾಗೂ ಕಾಣದಂಗ ಆದ್ರ ಚಾವಿ ನಾನೇ ಇಸ್ಕೋತೀನಿ, ಅದರಾಗ ಮುಲಾಜಿಲ್ಲ. ಆದ್ರ ಕಸಕೊಳ್ಳೋದು ಎರಡು ನಿಮಿಷದ ಕೆಲಸ. ಕುಂತು ನೋಡೋದು ಆರು ವಾರದ್ದು. ನಮ್ಮ ಹಿರ್ಯಾರಿಗಿ ಅಷ್ಟು ಪುರಸೊತ್ತು ಕೊಡಲಾಕ ಆಗಂಗಿಲ್ಲೇನ್ರಿ?